ಕಲಬುರಗಿಯಲ್ಲೇ ಇದ್ದು ಹೈಡ್ರೋಜನ್ ಕ್ಯಾಟಲಿಸ್ಟ್ ಮೇಲೆ ಪಿಎಚ್‌ಡಿ ಮಾಡಬಹುದಾ?

ಕೇಳಿರುವ ಪ್ರಶ್ನೆ ಇದು: "ನಾನು ಕಲಬುರಗಿಯಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಕೊನೆಯ ವರ್ಷದಲ್ಲಿದ್ದೇನೆ. ಗ್ರೀನ್ ಹೈಡ್ರೋಜನ್, ಫ್ಯುಯೆಲ್ ಸೆಲ್‌ಗೆ ಬೇಕಾದ ಎಲೆಕ್ಟ್ರೋಕ್ಯಾಟಲಿಸ್ಟ್ ಮೇಲೆ ಪಿಎಚ್‌ಡಿ ಮಾಡುವ ಆಸೆ. ಈ ಕಡೆ ಇದ್ದುಕೊಂಡೇ ಒಳ್ಳೆಯ ಕೆಲಸ ಸಾಧ್ಯವಾ? ಪ್ಲಾಟಿನಂ ಬಿಟ್ಟು ಬೇರೆ ದಾರಿ ನಿಜವಾಗಿ ಇದೆಯಾ, ಇಲ್ಲಾ ಅದು ಬರೀ ಪೇಪರ್ ಬರೆಯೋದಕ್ಕಾ?"

ಸಾಧ್ಯ. ನಾನು ಈ ಕಡೆಯೇ ಪಿಎಚ್‌ಡಿ ಮುಗಿಸಿದ್ದೇನೆ, ಈಗಲೂ ಅದೇ ಕೆಲಸದಲ್ಲಿದ್ದೇನೆ. ಆಳಂದ ತಾಲೂಕಿನ ಹಳ್ಳಿ ನನ್ನದು, ಅಪ್ಪ ತೊಗರಿ ಬೆಳೆಯುತ್ತಾರೆ. ನಿಮ್ಮ ಎರಡನೇ ಪ್ರಶ್ನೆ ನನ್ನನ್ನು ವರ್ಷಗಟ್ಟಲೆ ಕಾಡಿದ ಪ್ರಶ್ನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಗ್ರೀನ್ ಹೈಡ್ರೋಜನ್ ಅಂದರೆ ಸೂರ್ಯ, ಗಾಳಿಯ ಕರೆಂಟ್‌ನಿಂದ ನೀರು ಒಡೆದು ತೆಗೆಯುವ ಹೈಡ್ರೋಜನ್. ಮೊದಲು ಒಂದು ಲೆಕ್ಕ ನೋಡಿ. ನೀರಿಗೆ ಕರೆಂಟ್ ಕೊಟ್ಟು ಒಡೆಯುವುದು ಹೊಸದಲ್ಲ, 1800ರಲ್ಲೇ ನಿಕಲ್ಸನ್ ಮತ್ತು ಕಾರ್ಲೈಲ್ ಮಾಡಿ ತೋರಿಸಿದ್ದರು. ಒಂದು ಕೆಜಿ ಹೈಡ್ರೋಜನ್ ಬೇಕೆಂದರೆ ಸುಮಾರು 26,600 ಆಂಪಿಯರ್-ಗಂಟೆ ಕರೆಂಟ್ ಹರಿಯಲೇಬೇಕು. ಅದು ಫ್ಯಾರಡೆ ನಿಯಮ. ಯಾವ ಕ್ಯಾಟಲಿಸ್ಟ್ (ಕ್ರಿಯೆಯನ್ನು ಚುರುಕು ಮಾಡುವ ವಸ್ತು, ವೇಗವರ್ಧಕ) ಹಾಕಿದರೂ ಅದು ಕಡಿಮೆ ಆಗುವುದಿಲ್ಲ. ನಮ್ಮ ಕೈಯಲ್ಲಿರುವುದು ವೋಲ್ಟೇಜ್ ಮಾತ್ರ. ಪುಸ್ತಕದ ಪ್ರಕಾರ 25 ಡಿಗ್ರಿಯಲ್ಲಿ ನೀರು ಒಡೆಯಲು 1.23 ವೋಲ್ಟ್ ಸಾಕು. ನಿಜವಾದ ಎಲೆಕ್ಟ್ರೋಲೈಸರ್, ಅಂದರೆ ನೀರು ಒಡೆಯುವ ಯಂತ್ರ, ಕೇಳುವುದು 1.8ರಿಂದ 2 ವೋಲ್ಟ್. 2 ವೋಲ್ಟ್‌ನಲ್ಲಿ ನಡೆಸಿದರೆ ಕೆಜಿಗೆ 53 ಯೂನಿಟ್ ಆಗುತ್ತದೆ. 1.8ಕ್ಕೆ ಇಳಿಸಿದರೆ 48. ಅಂದರೆ ಪ್ರತಿ 0.1 ವೋಲ್ಟ್‌ಗೆ ಕೆಜಿಗೆ ಸುಮಾರು ಎರಡೂಮುಕ್ಕಾಲು ಯೂನಿಟ್ ಉಳಿಯುತ್ತದೆ.

ಸಣ್ಣದು ಅನ್ನಿಸುತ್ತೆ, ಅಲ್ವಾ? ಕೇಂದ್ರ ಸರ್ಕಾರದ ರಾಷ್ಟ್ರೀಯ ಗ್ರೀನ್ ಹೈಡ್ರೋಜನ್ ಮಿಷನ್‌ಗೆ 2023ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿತು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಅದರ ಗುರಿ. ಅಷ್ಟು ಹೈಡ್ರೋಜನ್‌ಗೆ 0.1 ವೋಲ್ಟ್ ಉಳಿಸಿದರೆ ವರ್ಷಕ್ಕೆ 1,300 ಕೋಟಿ ಯೂನಿಟ್‌ಗಿಂತ ಜಾಸ್ತಿ ಕರೆಂಟ್ ಉಳಿಯುತ್ತದೆ. ಆ 0.1 ವೋಲ್ಟ್ ಹಿಂದೆ ಬೀಳುವುದೇ ನಮ್ಮ ಕೆಲಸ.

ಈ ಜಾಸ್ತಿ ವೋಲ್ಟೇಜ್ ಹೋಗುವುದು ಎಲ್ಲಿಗೆ? ಬಹುಪಾಲು ಎಲೆಕ್ಟ್ರೋಡಿನ ಮೈ ಮೇಲೆ. ಇದನ್ನು ಹೇಳಲು ನಾನು ಯಾವಾಗಲೂ ಬೀದರ್‌ನ ಬಿದ್ರಿ ತೋರಿಸುತ್ತೇನೆ. ಬಿದ್ರಿ ಹೂಜಿಯಲ್ಲಿ ಇರುವುದು ಸತು ಜಾಸ್ತಿ, ತಾಮ್ರ ಸ್ವಲ್ಪ. ಮೇಲೆ ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿದ ನೀರಿನಲ್ಲಿ ಬಿಸಿ ಮಾಡುತ್ತಾರೆ. ಸತುವಿನ ಮೈ ಕಪ್ಪಾಗುತ್ತದೆ. ಪಕ್ಕದಲ್ಲೇ ಕೂದಲೆಳೆಯಷ್ಟು ದೂರದಲ್ಲಿರುವ ಬೆಳ್ಳಿ ಹಾಗೇ ಹೊಳೆಯುತ್ತದೆ. ನೀರು ಒಂದೇ, ಬಿಸಿ ಒಂದೇ, ಆದರೆ ಎರಡು ಮೈ ಎರಡು ರೀತಿ ನಡೆದುಕೊಂಡವು. ಶಾಲೆಯಲ್ಲಿ ವೇಗವರ್ಧಕ ಅಂತ ಓದಿದ್ದೀರಲ್ಲ, ಅದರ ಗುಟ್ಟೂ ಮೇಲ್ಮೈಯಲ್ಲಿದೆ. ಹೈಡ್ರೋಜನ್ ಪರಮಾಣು ಬಂದು ಕೂರಬೇಕು, ಆದರೆ ಅಂಟಿಕೊಂಡು ಬಿಡಬಾರದು. ಪ್ಲಾಟಿನಂ ಮೇಲೆ ಆ ಹಿಡಿತ ಹದವಾಗಿದೆ. ಅದಕ್ಕೇ ಎಲ್ಲರೂ ಅದನ್ನೇ ಹಿಡಿದುಕೊಂಡಿದ್ದಾರೆ.

ಆಕ್ಸಿಜನ್ ಕಡೆ ಇನ್ನೂ ಕಷ್ಟ. ಒಂದು ಆಕ್ಸಿಜನ್ ಅಣು ಬರಲು ನಾಲ್ಕು ಎಲೆಕ್ಟ್ರಾನ್ ಹೋಗಬೇಕು, ಮಧ್ಯೆ ಮೂರು ನಾಲ್ಕು ಹಂತ. ಪ್ರೋಟಾನ್ ಹಾಯುವ ಪೊರೆ ಇಟ್ಟು ಆಮ್ಲದಲ್ಲಿ ಕೆಲಸ ಮಾಡುವ ಪಿಇಎಂ ಎಲೆಕ್ಟ್ರೋಲೈಸರ್‌ನಲ್ಲಿ ಆ ಕಡೆಗೆ ಇರಿಡಿಯಂ ಆಕ್ಸೈಡ್ ಹಾಕುತ್ತಾರೆ. ಇರಿಡಿಯಂ ಜಗತ್ತಿನಲ್ಲೆಲ್ಲ ಸೇರಿ ವರ್ಷಕ್ಕೆ ಹತ್ತು ಟನ್ನೂ ಸಿಗುವುದಿಲ್ಲ. ಅದನ್ನು ನಂಬಿಕೊಂಡು ಊರೂರಿಗೆ ಎಲೆಕ್ಟ್ರೋಲೈಸರ್ ಹಾಕಲು ಆಗುವುದಿಲ್ಲ.

ಹಾಗಾದರೆ ಪ್ಲಾಟಿನಂ ಬಿಟ್ಟು ದಾರಿ ಇದೆಯಾ? ಇದೆ. ಅದು ನಮ್ಮ ತೊಗರಿ ಹೊಲದಲ್ಲೇ ಇದೆ.

ತೊಗರಿ ಗಿಡ ಕಿತ್ತರೆ ಬೇರಿನಲ್ಲಿ ಸಣ್ಣ ಗಂಟು ಕಾಣುತ್ತವೆ. ಅದರೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತರುತ್ತವೆ ಅಂತ ಎಲ್ಲರಿಗೂ ಗೊತ್ತು. ಆ ಕೆಲಸ ಮಾಡುವ ಕಿಣ್ವದ ಹೆಸರು ನೈಟ್ರೋಜನೇಸ್. ಅದರ ನಡುವೆ ಕೂತಿರುವುದು ಕಬ್ಬಿಣ, ಮಾಲಿಬ್ಡಿನಂ, ಗಂಧಕ. ಒಂದು ಸಾರಜನಕ ಅಣು ಹಿಡಿಯುವಾಗ ಕನಿಷ್ಠ ಒಂದು ಹೈಡ್ರೋಜನ್ ಅಣು ಅಲ್ಲಿಂದ ಹೊರಬೀಳುತ್ತದೆ. ಪ್ಲಾಟಿನಂ ಇಲ್ಲ, ಬರೀ ಮಣ್ಣಿನ ಬಿಸಿಯಲ್ಲಿ. ಇದನ್ನು ಅಪ್ಪನಿಗೆ ಹೇಳಿದಾಗ ಬೇರು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಇಷ್ಟು ವರ್ಷ ಹೊಲದಾಗ ಇದ್ದೀನಿ, ಇದರಾಗ ಹೈಡ್ರೋಜನ್ ಬರ್ತದಂತ ಯಾರೂ ಹೇಳಿಲ್ಲ ನೋಡು" ಅಂದರು.

2005ರಲ್ಲಿ ಡೆನ್ಮಾರ್ಕ್‌ನ ಸಂಶೋಧಕರು ಇಂಥ ಕಿಣ್ವಗಳನ್ನೇ ಲೆಕ್ಕಕ್ಕೆ ಇಟ್ಟುಕೊಂಡು ಮಾಲಿಬ್ಡಿನಂ ಡೈಸಲ್ಫೈಡ್ ಕಡೆ ಬಂದರು. ಗ್ಯಾರೇಜಿನಲ್ಲಿ ಬಳಸುವ ಒಂದು ಬಗೆಯ ಕಪ್ಪು ಗ್ರೀಸಿನಲ್ಲಿ ಇರುವುದೂ ಇದೇ ಪುಡಿ. ಪದರ ಪದರವಾಗಿ ಇರುತ್ತದೆ, ಖಡಕ್ ರೊಟ್ಟಿ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ. ರೊಟ್ಟಿಯ ಅಗಲವಾದ ಮೈ ಹೆಚ್ಚೇನೂ ಕೆಲಸ ಮಾಡುವುದಿಲ್ಲ. ಕೆಲಸ ಮಾಡುವುದು ಅಂಚು. 2007ರಲ್ಲಿ ಅದನ್ನು ಅಳೆದೇ ತೋರಿಸಿದರು: ಅಂಚಿನ ಉದ್ದ ಜಾಸ್ತಿ ಆದಷ್ಟೂ ಹೈಡ್ರೋಜನ್ ಜಾಸ್ತಿ. ಅಂದರೆ ರೊಟ್ಟಿ ಮುರಿದು ಚೂರು ಮಾಡಬೇಕು, ಆಗ ಅಂಚು ಹೆಚ್ಚುತ್ತದೆ. ನನ್ನ ಪಿಎಚ್‌ಡಿ ಶುರುವಾಗಿದ್ದು ಇಲ್ಲಿಂದ.

ಈಗ ನಿಮಗೆ ಹೇಳಲೇಬೇಕಾದ ಮಾತಿಗೆ ಬರುತ್ತೇನೆ.

ಎರಡನೇ ವರ್ಷದಲ್ಲಿ ನಾನು ಮಾಡಿದ ಮಾಲಿಬ್ಡಿನಂ ಡೈಸಲ್ಫೈಡ್ ಒಂದು ವಿಚಿತ್ರ ತೋರಿಸಿತು. ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಇಟ್ಟು ವೋಲ್ಟೇಜ್ ಏರಿಸಿ ಇಳಿಸಿ ಸೈಕಲ್ ಮೇಲೆ ಸೈಕಲ್ ಓಡಿಸಿದೆ. ಬೇರೆಯವರ ಕ್ಯಾಟಲಿಸ್ಟ್ ಓಡಿದಷ್ಟೂ ಸೋಲುತ್ತದೆ. ನನ್ನದು ಓಡಿದಷ್ಟೂ ಚೆನ್ನಾಯಿತು. ಇನ್ನೂರು ಮಿಲಿವೋಲ್ಟ್‌ನ ಮೇಲಿದ್ದ ಓವರ್‌ಪೊಟೆನ್ಷಿಯಲ್ (ಪುಸ್ತಕದ ಲೆಕ್ಕಕ್ಕಿಂತ ಜಾಸ್ತಿ ಬೇಕಾಗುವ ವೋಲ್ಟೇಜ್) ದಿನ ದಿನಕ್ಕೆ ಇಳಿದು ನೂರು ಮಿಲಿವೋಲ್ಟ್‌ನ ಕೆಳಗೆ ಬಂತು. ನನಗೆ ನಿದ್ದೆ ಬರಲಿಲ್ಲ. "ತಾನೇ ಚುರುಕಾಗುವ ಕ್ಯಾಟಲಿಸ್ಟ್" ಅಂತ ಪೋಸ್ಟರ್ ಕೂಡ ಮಾಡಿಟ್ಟೆ. ಗೈಡ್ ಗ್ರಾಫ್ ನೋಡಿದರು. ಏನೂ ಹೊಗಳಲಿಲ್ಲ.

"ಕೌಂಟರ್ ಎಲೆಕ್ಟ್ರೋಡ್ ಏನದ?"

"ಪ್ಲಾಟಿನಂ ತಂತಿ ಸರ್."

"ಹಂಗಾದ್ರ ಅದನ್ನ ತಗದು ಗ್ರಾಫೈಟ್ ಕಡ್ಡಿ ಹಾಕು. ಆಮ್ಯಾಲ ಮಾತಾಡೂಣು."

ಗ್ರಾಫೈಟ್ ಹಾಕಿದೆ. ಒಂದು ಸಾವಿರ ಸೈಕಲ್, ಎರಡು ಸಾವಿರ. ಗೆರೆ ಇದ್ದಲ್ಲಿಂದ ಅಲುಗಲಿಲ್ಲ. ಆಗ ಅರ್ಥವಾಯಿತು. ಆಸಿಡ್‌ನಲ್ಲಿ ಕೌಂಟರ್, ಅಂದರೆ ಎದುರು ಕಡೆಯ ಎಲೆಕ್ಟ್ರೋಡ್ ಆಗಿದ್ದ ಪ್ಲಾಟಿನಂ ತಂತಿ ಕಣ್ಣಿಗೆ ಕಾಣದಷ್ಟು ಕರಗುತ್ತಿತ್ತು. ಕರಗಿದ್ದು ನೀರಿನಲ್ಲಿ ಹಾದು ಬಂದು ನನ್ನ ಕ್ಯಾಟಲಿಸ್ಟ್ ಮೇಲೆ ಕೂರುತ್ತಿತ್ತು. ನಾನು "ಪ್ಲಾಟಿನಂ ಬೇಡ" ಅಂತ ಪೋಸ್ಟರ್ ಬರೆದ ವಸ್ತುವಿನ ಮೇಲೆ ಕೆಲಸ ಮಾಡುತ್ತಿದ್ದದ್ದು ಪ್ಲಾಟಿನಮ್ಮೇ. ಮೂರು ತಿಂಗಳ ಕೆಲಸ ಹೋಯಿತು. ಅವತ್ತು ಅತ್ತಿದ್ದೇನೆ. ಆದರೆ ಆ ಒಂದು ಪ್ರಶ್ನೆ ನನಗೆ ಸಿಕ್ಕ ದೊಡ್ಡ ಪಾಠ. ಪ್ಲಾಟಿನಂ ಇಲ್ಲದ ಕ್ಯಾಟಲಿಸ್ಟ್ ಅಳೆಯುವಾಗ ಪ್ಲಾಟಿನಂ ಕೌಂಟರ್ ಬಳಸಬಾರದು. ಇದು ಗೊತ್ತಿರುವ ವಿಷಯವೇ, ಆದರೂ ಈಗಲೂ ಹಾಗೆ ಅಳೆದ ಪೇಪರ್ ಕಣ್ಣಿಗೆ ಬೀಳುತ್ತವೆ.

ಇದೇ ಥರದ್ದು ಇನ್ನೊಂದು ಕ್ಷಾರದ ಕಡೆ. ನಿಕ್ಕಲ್ ಹೈಡ್ರಾಕ್ಸೈಡ್ ಆಕ್ಸಿಜನ್‌ಗೆ ಒಳ್ಳೆ ಕ್ಯಾಟಲಿಸ್ಟ್ ಅಂತ ಬಹಳ ಕಾಲ ನಂಬಿದ್ದರು. 1987ರಲ್ಲಿ ಕಾರಿಗನ್ ಅನ್ನುವವರು ತೋರಿಸಿದರು: ಚೂರೇ ಚೂರು ಕಬ್ಬಿಣ ಬೆರೆತರೂ ನಿಕ್ಕಲ್ ಬೇರೆಯೇ ವಸ್ತುವಿನಂತೆ ಕೆಲಸ ಮಾಡುತ್ತದೆ. ಆ ಕಬ್ಬಿಣ ಎಲ್ಲಿಂದ ಬರುತ್ತದೆ? ನಾವು ಕೊಳ್ಳುವ ಕ್ಷಾರ, ಅಂದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ (ಕೆಒಎಚ್) ಬಾಟಲಿಯಿಂದಲೇ. 2014ರಲ್ಲಿ ಅಮೆರಿಕದ ಒಂದು ಗುಂಪು ಕೆಒಎಚ್ ಪೂರ್ತಿ ಶುದ್ಧ ಮಾಡಿ ಅಳೆದಾಗ ಕಬ್ಬಿಣವಿಲ್ಲದ ನಿಕ್ಕಲ್ ಬಹಳ ಮಂದ ಅಂತ ಖಚಿತವಾಯಿತು. ನಿಕ್ಕಲ್ ಹೈಡ್ರಾಕ್ಸೈಡ್ ಪುಡಿ ಹಾಕಿ ಅಲುಗಾಡಿಸಿದರೆ ಅದು ಕಬ್ಬಿಣವನ್ನು ಹೀರಿಕೊಳ್ಳುತ್ತದೆ, ಹಾಗೆ ಶುದ್ಧ ಮಾಡುತ್ತಾರೆ. ಖರ್ಚೇನೂ ಇಲ್ಲ, ತಾಳ್ಮೆ ಬೇಕು ಅಷ್ಟೇ.

ಅದಕ್ಕೇ ಹೇಳುತ್ತಿದ್ದೇನೆ: ಕಲಬುರಗಿಯಲ್ಲಿ ಈ ಕೆಲಸ ಆಗುತ್ತದೆ. ಸುಳ್ಳು ಸಂಖ್ಯೆ ಬರದ ಹಾಗೆ ಅಳೆಯಲು ಬೇಕಾದ್ದು ಒಂದು ಸಾಧಾರಣ ಪೊಟೆನ್ಷಿಯೋಸ್ಟಾಟ್ (ವೋಲ್ಟೇಜ್ ಹಿಡಿದಿಟ್ಟು ಕರೆಂಟ್ ಅಳೆಯುವ ಯಂತ್ರ), ಓವನ್, ಟೆಫ್ಲಾನ್ ಒಳಗೋಡೆಯ ಆಟೋಕ್ಲೇವ್ (ಬಿಗಿಯಾಗಿ ಮುಚ್ಚಿ ಬಿಸಿ ಮಾಡುವ ಪಾತ್ರೆ), ಲವಣ ತೆಗೆದ ಒಳ್ಳೆ ಡಿಐ ವಾಟರ್, ಮತ್ತು ಪ್ರಶ್ನೆ ಕೇಳುವ ಗೈಡ್. 1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯ ಊರಲ್ಲೇ ಇದೆ. 2009ರಲ್ಲಿ ಬಂದ ಕೇಂದ್ರೀಯ ವಿಶ್ವವಿದ್ಯಾಲಯ ಕಡಗಂಚಿಯಲ್ಲಿದೆ. ದೊಡ್ಡ ಮೈಕ್ರೋಸ್ಕೋಪ್, ಮೇಲ್ಮೈಯಲ್ಲಿ ಯಾವ ಧಾತು ಇದೆ ಅಂತ ತೋರಿಸುವ ಎಕ್ಸ್‌ಪಿಎಸ್ ಥರದ ದುಬಾರಿ ಅಳತೆಗೆ ಸ್ಯಾಂಪಲ್ಲನ್ನು ಹೈದರಾಬಾದಿಗೋ ಬೆಂಗಳೂರಿಗೋ ದುಡ್ಡು ಕಟ್ಟಿ ಕಳಿಸಬಹುದು. ನಾನು ಸ್ಯಾಂಪಲ್ ಬಾಟಲಿ ಬ್ಯಾಗಲ್ಲಿಟ್ಟುಕೊಂಡು ರಾತ್ರಿ ರೈಲಿಗೆ ಹೋಗಿದ್ದೇನೆ. ಕಷ್ಟ ಇದೆ, ಇಲ್ಲ ಅನ್ನುವುದಿಲ್ಲ. ಸ್ಲಾಟ್ ಸಿಗಲು ತಿಂಗಳು ಹಿಡಿಯುತ್ತದೆ. ಆದರೆ ಅದಕ್ಕೆ ಊರು ಬಿಡಬೇಕಾಗಿಲ್ಲ.

ಈ ಊರಿನ ಕೆಲವು ತೊಂದರೆ ಬೇರೆ. ಬೋರ್ ನೀರು ಗಡಸು, ಡಿಸ್ಟಿಲೇಷನ್ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದೆ. ಮೇ ತಿಂಗಳಲ್ಲಿ ಹೊರಗೆ 42, 43 ಡಿಗ್ರಿ. ಲ್ಯಾಬ್ ಬಿಸಿಯಾದರೆ ಅದೇ ಕ್ಯಾಟಲಿಸ್ಟ್ ಡಿಸೆಂಬರಿಗಿಂತ ಚೆನ್ನಾಗಿ ಓಡಿದಂತೆ ಕಾಣುತ್ತದೆ, ಯಾಕೆಂದರೆ ಬಿಸಿಗೆ ಕ್ರಿಯೆ ಜೋರಾಗುತ್ತದೆ. ಅಳತೆಯ ಸೆಲ್ ಸುತ್ತ ನೀರು ಹರಿಸಿ 25 ಡಿಗ್ರಿಯಲ್ಲಿ ಹಿಡಿಯಬೇಕು. ಪ್ರತಿ ಓದಿನ ಪಕ್ಕ ಥರ್ಮಾಮೀಟರ್ ಓದು ಬರೆದಿಡಿ.

ಇನ್ನು ಕರೆಂಟ್ ಹೋಗುವುದು. ಇದರ ಬಗ್ಗೆ ಒಂದು ಘಟನೆ ಹೇಳಲೇಬೇಕು. ನಿಕ್ಕಲ್-ಕಬ್ಬಿಣದ ಎಲೆಕ್ಟ್ರೋಡ್ ಇಟ್ಟು 50 ಗಂಟೆಯ ಬಾಳಿಕೆ ಪರೀಕ್ಷೆ ಹಾಕಿದ್ದೆ. ಮೊದಲ ರಾತ್ರಿ ಅಲ್ಲೇ ಕೂತಿದ್ದೆ. ಗುಳ್ಳೆ ನೋಡುತ್ತಾ ಕೂರುವುದು ನನಗೆ ಈಗಲೂ ಇಷ್ಟ. ಒಳ್ಳೆಯ ಮೈ ಇದ್ದರೆ ಗುಳ್ಳೆ ಸಾಸಿವೆಗಿಂತ ಸಣ್ಣ, ಹುಟ್ಟಿದ ಕೂಡಲೇ ಬಿಟ್ಟು ಮೇಲೇರುತ್ತದೆ, ನೀರು ಹಾಲು ಬೆರೆಸಿದ ಹಾಗೆ ಮಬ್ಬಾಗುತ್ತದೆ. ಮೈ ಸರಿ ಇಲ್ಲದಿದ್ದರೆ ಗುಳ್ಳೆ ಅಂಟಿಕೊಂಡು ಜೋಳದ ಕಾಳಷ್ಟು ಬೆಳೆಯುತ್ತದೆ. ಅದು ಕೂತಷ್ಟು ಜಾಗ ಅಷ್ಟು ಹೊತ್ತು ಕೆಲಸಕ್ಕೆ ಬಾರದು. ಅವತ್ತು ವೋಲ್ಟೇಜ್‌ನ ಗೆರೆ ಹಾಸಿದ ಹಾಗೆ ನೇರ ಹೋಗುತ್ತಿತ್ತು. ಎರಡನೇ ರಾತ್ರಿ ಮೂವತ್ತೊಂದನೇ ಗಂಟೆಗೆ ಕರೆಂಟ್ ಹೋಯಿತು. ಯುಪಿಎಸ್ ಹಳೆಯದು, ಇಪ್ಪತ್ತು ನಿಮಿಷಕ್ಕೆ ನಿಂತಿತು. ಕರೆಂಟ್ ಬಂದ ಮೇಲೆ ಮತ್ತೆ ಶುರು ಮಾಡಿದರೆ ಗೆರೆ ಹಳೆಯ ಜಾಗಕ್ಕೆ ಬರಲಿಲ್ಲ. ಸ್ವಲ್ಪ ಮೇಲೆಯೇ ಉಳಿಯಿತು. ಸೆಲ್ ತಳದಲ್ಲಿ ಕಂದು ಪುಡಿ ಬಿದ್ದಿತ್ತು.

ಆ ಪರೀಕ್ಷೆ ಬಿಟ್ಟು ಹೊಸದು ಹಾಕಬಹುದಿತ್ತು. ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ಯೋಚನೆ ಮಾಡಿ. ಗ್ರೀನ್ ಹೈಡ್ರೋಜನ್ ಅಂದರೆ ಸೂರ್ಯ, ಗಾಳಿಯ ಕರೆಂಟ್. ಮೋಡ ಬಂದರೆ ಇಳಿಯುತ್ತದೆ, ಸಂಜೆ ನಿಲ್ಲುತ್ತದೆ. ಎಲೆಕ್ಟ್ರೋಲೈಸರ್ ನಿಲ್ಲಿಸಿದಾಗ ಒಳಗೆ ಉಳಿದ ಗ್ಯಾಸ್‌ನಿಂದ ಕರೆಂಟ್ ಉಲ್ಟಾ ಹರಿದು ಎಲೆಕ್ಟ್ರೋಡ್ ಹಾಳಾಗುವುದು ಕೈಗಾರಿಕೆಯಲ್ಲಿ ನಿಜವಾದ ಸಮಸ್ಯೆ. ನಾವು ಮಾತ್ರ ಯುಪಿಎಸ್ ಇಟ್ಟು, ನಿಲ್ಲದೆ ಓಡಿಸಿ, "ಬಾಳಿಕೆ ಇದೆ" ಅಂತ ಬರೆಯುತ್ತೇವೆ. ಅವತ್ತಿಂದ ನಾನು ಬೇಕಂತಲೇ ನಿಲ್ಲಿಸಿ ಶುರು ಮಾಡುವ ಪರೀಕ್ಷೆ ಹಾಕತೊಡಗಿದೆ. ಹಗಲು ಓಡಿಸು, ರಾತ್ರಿ ನಿಲ್ಲಿಸು. ನನ್ನ ಥೀಸಿಸ್‌ನ ಕೊನೆಯ ಅಧ್ಯಾಯ ಪೂರ್ತಿ ಅದರ ಮೇಲಿದೆ. ಅದರಲ್ಲಿ ನನಗೆ ಜಾಸ್ತಿ ಹೆಮ್ಮೆ ಇರುವುದು ಆ ಅಧ್ಯಾಯದ ಬಗ್ಗೆಯೇ.

ಇಲ್ಲೇ ನಿಮ್ಮ "ಬರೀ ಪೇಪರ್ ಬರೆಯೋದಕ್ಕಾ" ಅನ್ನುವ ಮಾತಿಗೆ ಉತ್ತರ ಇದೆ. ನಾವು ಲ್ಯಾಬಲ್ಲಿ ಚದರ ಸೆಂಟಿಮೀಟರ್‌ಗೆ 10 ಮಿಲಿಆಂಪಿಯರ್‌ನಲ್ಲಿ, ತಣ್ಣನೆಯ, ತೆಳುವಾದ ಒಂದು ಮೋಲಾರ್ ಕೆಒಎಚ್‌ನಲ್ಲಿ ಹೋಲಿಸುತ್ತೇವೆ. ಕಾರ್ಖಾನೆಯ ಕ್ಷಾರೀಯ ಎಲೆಕ್ಟ್ರೋಲೈಸರ್‌ನಲ್ಲಿ ಶೇಕಡಾ 25-30 ಕೆಒಎಚ್, 70-90 ಡಿಗ್ರಿ ಬಿಸಿ, ನೂರಾರು ಮಿಲಿಆಂಪಿಯರ್, ವರ್ಷಗಟ್ಟಲೆ ಓಟ. ಅಂದ ಹಾಗೆ ಅಲ್ಲಿ ಈಗಲೇ ಪ್ಲಾಟಿನಂ ಇಲ್ಲ, ನಿಕ್ಕಲ್ ಇದೆ. ಪ್ಲಾಟಿನಂ ಬಿಡುವ ದಾರಿ ಕನಸಲ್ಲ. ಆದರೆ 10 ಮಿಲಿಆಂಪಿಯರ್‌ನಲ್ಲಿ ಐದು ಮಿಲಿವೋಲ್ಟ್ ಗೆದ್ದೆ ಅನ್ನುವ ಪೇಪರ್‌ಗೂ ಆ ದಾರಿಗೂ ಸಂಬಂಧ ತೀರಾ ಕಡಿಮೆ. ನೀವು ಪಿಎಚ್‌ಡಿಗೆ ಬಂದರೆ ಬಿಸಿ, ಗಟ್ಟಿ ಕೆಒಎಚ್‌ನಲ್ಲಿ ನಿಲ್ಲುವುದನ್ನು ಹುಡುಕಿ.

ಫ್ಯುಯೆಲ್ ಸೆಲ್ ಇದರ ಉಲ್ಟಾ. ಹೈಡ್ರೋಜನ್, ಆಕ್ಸಿಜನ್ ಸೇರಿ ನೀರಾಗಿ ಕರೆಂಟ್ ಕೊಡುತ್ತವೆ. 1839ರ ಸುಮಾರಿಗೆ ಗ್ರೋವ್ ಮಾಡಿದ್ದರು, ಪ್ಲಾಟಿನಂ ಇಟ್ಟೇ. ಅಲ್ಲೂ ತಡೆ ಇರುವುದು ಆಕ್ಸಿಜನ್ ಕಡೆ. 1.23 ವೋಲ್ಟ್ ಸಿಗಬೇಕಾದಲ್ಲಿ ಕೆಲಸ ಮಾಡುವಾಗ 0.6, 0.7 ಸಿಗುತ್ತದೆ. ಪ್ಲಾಟಿನಂ ಬದಲು ಕಬ್ಬಿಣ, ಸಾರಜನಕ ಸೇರಿಸಿದ ಇಂಗಾಲ ಬಳಸುವ ಪ್ರಯತ್ನ ನಡೆದಿದೆ. ನಮ್ಮ ಕಡೆ ಹಲವರು ತೊಗರಿ ಕಟ್ಟಿಗೆಯಿಂದ ಇಂಗಾಲ ಮಾಡುವ ಆಸೆ ಇಟ್ಟುಕೊಂಡು ಬರುತ್ತಾರೆ. ಒಳ್ಳೆಯದೇ, ಹೊಲದಲ್ಲಿ ರಾಶಿ ಬಿದ್ದಿರುತ್ತದೆ. ಆದರೆ ಕಟ್ಟಿಗೆಯ ಜೊತೆ ಎರೆಮಣ್ಣಿನ ಧೂಳೂ ಬರುತ್ತದೆ, ಅದರಲ್ಲಿ ಕಬ್ಬಿಣ ಇರುತ್ತದೆ. ಆಸಿಡ್‌ನಲ್ಲಿ ತೊಳೆಯದೆ "ಲೋಹವಿಲ್ಲದ ಕ್ಯಾಟಲಿಸ್ಟ್" ಅಂತ ಬರೆದರೆ ನನ್ನ ಪ್ಲಾಟಿನಂ ಕಥೆಯೇ ಮತ್ತೆ ಆಗುತ್ತದೆ.

ಹೊಟ್ಟೆಪಾಡಿನ ವಿಷಯ ಚಿಕ್ಕದಾಗಿ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆದ ಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಅದಿಲ್ಲದೆ ಬರಬೇಡಿ ಅನ್ನುವುದಿಲ್ಲ, ಆದರೆ ಅದಿದ್ದರೆ ಮನೆಯವರಿಗೂ ನಿಮಗೂ ನೆಮ್ಮದಿ. ಮಿಷನ್‌ನ 19,744 ಕೋಟಿಯಲ್ಲಿ ಸಂಶೋಧನೆಗೆ ಇಟ್ಟಿದ್ದು 400 ಕೋಟಿ ಮಾತ್ರ. ನನಗೆ ಇದು ಬಹಳ ಕಡಿಮೆ ಅನ್ನಿಸುತ್ತದೆ. ಪಿಎಚ್‌ಡಿ ಆದ ಮೇಲೆ ಕಾರೈಕುಡಿಯ ಎಲೆಕ್ಟ್ರೋಕೆಮಿಸ್ಟ್ರಿ ಸಂಶೋಧನಾ ಸಂಸ್ಥೆ ಸೆಕ್ರಿ, ಫ್ಯುಯೆಲ್ ಸೆಲ್ ಕೇಂದ್ರವಿರುವ ಸಂಶೋಧನಾ ಸಂಸ್ಥೆ ಎಆರ್‌ಸಿಐ, ಬೆಂಗಳೂರಿನ ಸಂಸ್ಥೆಗಳು ಇವೆ. ಬ್ಯಾಟರಿ, ಎಲೆಕ್ಟ್ರೋಪ್ಲೇಟಿಂಗ್, ತುಕ್ಕು ತಡೆ, ಎಲ್ಲದಕ್ಕೂ ಇದೇ ಕೈಕೆಲಸ ಬೇಕು.

ಇಷ್ಟು ಓದಿಯೂ ಆಸೆ ಉಳಿದಿದ್ದರೆ ಈ ಬೇಸಿಗೆಯಲ್ಲೇ ಒಂದು ಕೆಲಸ ಮಾಡಿ. ನಿಮ್ಮ ಡಿಪಾರ್ಟ್‌ಮೆಂಟಲ್ಲಿ ಪೊಟೆನ್ಷಿಯೋಸ್ಟಾಟ್ ಇರುವ ಲ್ಯಾಬ್‌ಗೆ ಹೋಗಿ ಎರಡು ವಾರ ಕೂರಲು ಕೇಳಿ. ಯಾವ ಕ್ಯಾಟಲಿಸ್ಟೂ ಮಾಡಬೇಡಿ. ಖಾಲಿ ನಿಕ್ಕಲ್ ಫೋಮ್‌ನ (ಸ್ಪಂಜಿನಂಥ ನಿಕ್ಕಲ್) ಐದು ತುಂಡು ಒಂದೇ ಅಳತೆಗೆ ಕತ್ತರಿಸಿ. ಹಗುರ ಆಸಿಡ್‌ನಲ್ಲಿ, ಆಮೇಲೆ ಡಿಐ ನೀರಿನಲ್ಲಿ ತೊಳೆಯಿರಿ. ಕೆಒಎಚ್ ಗಾಜಿನಲ್ಲಿ ಇಡಬೇಡಿ, ಅದು ಗಾಜನ್ನೂ ತಿನ್ನುತ್ತದೆ, ಪ್ಲಾಸ್ಟಿಕ್ ಬಾಟಲಿಯಲ್ಲಿಡಿ. ಕೌಂಟರ್ ಗ್ರಾಫೈಟ್, ರೆಫರೆನ್ಸ್ (ವೋಲ್ಟೇಜ್ ಹೋಲಿಸಿ ಅಳೆಯುವ ಎಲೆಕ್ಟ್ರೋಡ್) ಮರ್ಕ್ಯುರಿ ಆಕ್ಸೈಡ್. ಓದನ್ನು ಹೈಡ್ರೋಜನ್ ಎಲೆಕ್ಟ್ರೋಡಿನ (ಆರ್‌ಎಚ್‌ಇ) ಲೆಕ್ಕಕ್ಕೆ ತಂದರೆ ಗೆರೆಯಲ್ಲಿ 1.4 ವೋಲ್ಟ್ ಹತ್ತಿರ ಒಂದು ಉಬ್ಬು ಬರುತ್ತದೆ. ಅದು ನಿಕ್ಕಲ್ ತಾನೇ ಆಕ್ಸಿಡೈಜ್ ಆಗುವುದು, ಆಕ್ಸಿಜನ್ ಅಲ್ಲ. ಅದನ್ನು ಲೆಕ್ಕಕ್ಕೆ ಸೇರಿಸಬೇಡಿ. ಐದೂ ತುಂಡಿನ ಗೆರೆ ಒಂದರ ಮೇಲೊಂದು ಕೂರುವ ತನಕ ಮತ್ತೆ ಮತ್ತೆ ಮಾಡಿ. ನನಗೆ ಹನ್ನೊಂದು ದಿನ ಬೇಕಾಯಿತು. ಕೂತ ದಿನ ಆ ಐದು ಗೆರೆಯ ಗ್ರಾಫ್ ಇಲ್ಲಿ ಹಾಕಿ, ನಾನು ನೋಡುತ್ತೇನೆ.